ಉಡುಗೊರೆಗೆ ಅಡುಗೆ, ಕಸೂತಿ, ಒಕ್ಕಲುತನದ ಪುಸ್ತಕ: ಯಾವುದನ್ನು ಕೊಳ್ಳಬಹುದು, ಯಾವುದು ಬೇಡ

ಮದುವೆ, ಮನೆ ಒಕ್ಕಲು, ಕುಬಸ (ಸೀಮಂತ), ಯಾವುದಕ್ಕೆ ಕರೆದರೂ ನಾನು ಪುಸ್ತಕವನ್ನೇ ಮುಯ್ಯಿ ಮಾಡುವವಳು. ಧಾರವಾಡದ ನಮ್ಮ ಬಳಗಕ್ಕೆಲ್ಲ ಇದು ಗೊತ್ತು. ತಂಗಿಯ ಮಗಳಂತೂ "ದೊಡ್ಡವ್ವ, ಈ ಸಲ ರೊಕ್ಕಾನ ಕೊಟ್ಟಬಿಡು" ಅಂತ ಬಾಯಿಬಿಟ್ಟು ಕೇಳಿದಳು. ಕೊಡಲಿಲ್ಲ. ಕಾದಂಬರಿ ಓದುವವರಿಗೆ ಆರಿಸುವುದು ಸುಲಭ. ಸುಭಾಸ ರಸ್ತೆಯ ಅಟ್ಟದಲ್ಲಿರುವ ಮನೋಹರ ಗ್ರಂಥಮಾಲೆ ಪ್ರಕಾಶನ 1933ರಿಂದ ಆ ಕೆಲಸ ಮಾಡಿಕೊಂಡು ಬಂದಿದೆ. ಕಷ್ಟವಿರುವುದು ಅಡುಗೆ, ಕೈಕೆಲಸ, ಒಕ್ಕಲುತನದ ಪುಸ್ತಕಗಳಲ್ಲಿ. ಇವುಗಳಲ್ಲಿ ನೋಡಲು ಚೆಂದ ಇರುವವು ಬಹಳ, ಮಾಡಲು ಬರುವವು ಕಡಿಮೆ. ಈ ಹಂಗಾಮಿಗೆ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ತಿರುವಿ ಹಾಕಿದವುಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟು.

ಅಡುಗೆ ಪುಸ್ತಕ ಕೈಗೆ ಬಂದರೆ ಮೊದಲು ತೆರೆಯುವುದು ಜೋಳದ ರೊಟ್ಟಿಯ ಪುಟ. ಹಿಟ್ಟು ಎರಡು ಕಪ್, ನೀರು ಬೇಕಾದಷ್ಟು, ಕಲಸಿ ಲಟ್ಟಿಸಿ ಎಂದಿದ್ದರೆ ಅಲ್ಲಿಗೇ ಮುಚ್ಚಿ ಇಡುತ್ತೇನೆ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಅದಕ್ಕೇ ನೀರಿನ ಎಸರು ಕುದಿಸಿ ಹಾಕಿ ನಾದುವುದು. ಬಿಸಿಗೆ ಹಿಟ್ಟು ಅರೆಬೆಂದು ಜಿಗುಟು ಬರುತ್ತದೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಎಷ್ಟು ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಬೇಕು, ಆ ನೀರು ಆರಿದೊಡನೆ ತಿರುವಬೇಕು. ಇಷ್ಟರಲ್ಲಿ ಎರಡು ಮಾತಾದರೂ ಪುಸ್ತಕದಲ್ಲಿದ್ದರೆ ಬರೆದವರು ಹಂಚಿನ ಮುಂದೆ ಕೂತವರು ಎಂದು ನಂಬುತ್ತೇನೆ. ನಿಮ್ಮದು ಕರಾವಳಿಯಾದರೆ ಪತ್ರೊಡೆಯ ಪುಟ ನೋಡಿ: ಕೆಸುವಿನ ಎಲೆ ಗಂಟಲು ತುರಿಸುತ್ತದೆ, ಅದಕ್ಕೆ ಹುಳಿ ಮುಂದಾಗಿರಬೇಕು, ಚೆನ್ನಾಗಿ ಬೇಯಬೇಕು ಎಂದು ಎಚ್ಚರಿಸಿದ್ದಾರೆಯೇ? ಮಲೆನಾಡಾದರೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಎಳೆ ಮಾವು: ತೊಟ್ಟು ಸಮೇತ ಉಪ್ಪಿಗೆ ಹಾಕಿ ಎಂದಿದ್ದಾರೆಯೇ? ಹಳೇ ಮೈಸೂರಿನ ಕಡೆಯವರಿಗೆ ಮುದ್ದೆಯ ಪುಟ ಹೇಗೂ ಇದೆ. ಕುದಿಯುವ ನೀರಿಗೆ ಹಿಟ್ಟು ಸುರಿದು, ತಕ್ಷಣ ಕಲಕದೆ ಬೇಯಲು ಬಿಟ್ಟು, ಆಮೇಲೆ ಕೋಲು ಹಾಕಿ ಎಂಬ ಒಂದು ಸಾಲು ಸಾಕು.

ಈ ಪರೀಕ್ಷೆಯಲ್ಲಿ ಬಿದ್ದದ್ದು ಸಾವಿರದ ಮೇಲೆ ಬೆಲೆಯ ಒಂದು ದಪ್ಪ ಪುಸ್ತಕ. ಹೆಸರು ಬೇಡ. ಹಿತ್ತಾಳೆ ಪಾತ್ರೆ, ಬಾಳೆ ಎಲೆ, ಸೌದೆ ಒಲೆ ಎಲ್ಲದರ ಫೋಟೋ ಇದೆ; ಒಲೆಯಲ್ಲಿ ಬೆಂಕಿ ಮಾತ್ರ ಇಲ್ಲ. ಗೆದ್ದದ್ದು ಮಹಿಳಾ ಮಂಡಳವೊಂದು ತಂದ ತೆಳ್ಳನೆಯ ಪುಸ್ತಿಕೆ. ಕಾಗದ ಸಾಧಾರಣ, ಅಕ್ಷರ ಸಣ್ಣದು, ಫೋಟೋ ಒಂದೂ ಇಲ್ಲ. ಆದರೆ ಮಾದಲಿ ಎಂಬ ಸಿಹಿಗೆ ಗೋಧಿ ಎಷ್ಟು ತರಿ ಇರಬೇಕು, ಗುರೆಳ್ಳು (ಹುಚ್ಚೆಳ್ಳು) ಹುರಿಯುವಾಗ ಯಾವ ವಾಸನೆಗೆ ಇಳಿಸಬೇಕು ಎಂಬುದೆಲ್ಲ ಬರೆದಿದ್ದಾರೆ. ಅಳತೆ ಮಾತ್ರ ಚಟಾಕು, ಪಾವು, ಸೇರಿನಲ್ಲಿದೆ. ಹೊಸ ಸಂಸಾರದವರಿಗೆ ಕೊಡುವಾಗ ನಮ್ಮ ಮನೆಯ ಪಾವಿನಲ್ಲಿ ಅಕ್ಕಿ, ಬೇಳೆ, ಹಿಟ್ಟು ಅಳೆದು, ಗ್ರಾಮಿನಲ್ಲಿ ತೂಗಿ, ಒಂದು ಚೀಟಿ ಬರೆದು ಅಂಟಿಸಿದೆ.

ಹೊಲಿಗೆ ಹಾಕಿದ ಬೈಂಡಿಂಗ್ ಇದೆಯೋ ಬರೀ ಗೋಂದು ಹಚ್ಚಿದ್ದೋ ಅದನ್ನೂ ನೋಡಿಕೊಳ್ಳಿ. ಗೋಂದಿನದು ಕಟ್ಟೆಯ ಮೇಲೆ ಬಿಚ್ಚಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಒತ್ತಿದರೆ ಹಾಳೆ ಕಿತ್ತು ಬರುತ್ತದೆ.

ಅಡುಗೆ ಮಾಡದ ಆದರೆ ಅಡುಗೆಯ ಮಾತು ಬಿಡದ ಗಂಡಸರು ಪ್ರತಿ ಬಳಗದಲ್ಲೂ ಇರುತ್ತಾರೆ. ಅವರಿಗೆ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಕೊಡಿ. 1508ರದ್ದು, ಷಟ್ಪದಿಯಲ್ಲಿ ಬರೆದದ್ದು, ಜೈನ ಕವಿಯದಾದ್ದರಿಂದ ಪೂರಾ ಸಸ್ಯಾಹಾರ. ಅರ್ಥ, ಟಿಪ್ಪಣಿ ಇರುವ ಆವೃತ್ತಿಯನ್ನೇ ಆರಿಸಿ. ಬರೀ ಪದ್ಯವಿದ್ದರೆ ಕಪಾಟಿಗೆ ಹೋಗುತ್ತದೆ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಎರಡನೆಯ ಚಾವುಂಡರಾಯನ 'ಲೋಕೋಪಕಾರ' ಇದೆ, 1025ರ ಸುಮಾರಿನದು. ಅಡುಗೆಯ ಜೊತೆಗೆ ನೀರಿನ ಸೆಲೆ ಹುಡುಕುವುದು, ಗಿಡದ ಆರೈಕೆ, ದನದ ಮದ್ದು, ಸುಗಂಧ, ಎಲ್ಲ ಒಂದೇ ಪುಸ್ತಕದಲ್ಲಿ. ನಮ್ಮ ಬೀಗರಿಗೆ ಕೊಟ್ಟೆ. ಈಗ ಊಟಕ್ಕೆ ಕೂತಾಗೆಲ್ಲ ಅದರದ್ದೇ ಪಾರಾಯಣ. ಬೀಗತಿ ನನ್ನ ಮೇಲೆ ಸಿಟ್ಟಾಗಿದ್ದಾರೆ.

ಕಸೂತಿ ಪುಸ್ತಕದ ವಿಷಯಕ್ಕೆ ನನಗೆ ಸ್ವಲ್ಪ ಹಟವಿದೆ. ಸೆರಗಿನಲ್ಲಿ ಗೋಪುರ, ಆನೆ, ತುಳಸಿ ಕಟ್ಟೆ, ತೇರು ಎಂದು ಬಣ್ಣಬಣ್ಣದ ಪುಟ ಕೊಟ್ಟವರೆಲ್ಲ ಸೀರೆಯ ಮುಂಭಾಗವನ್ನಷ್ಟೇ ತೋರಿಸುತ್ತಾರೆ. ಕಸೂತಿಯ ಹದ ಗೊತ್ತಾಗುವುದು ಹಿಂಭಾಗದಲ್ಲಿ. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬಿಟ್ಟ ಜಾಗವನ್ನೆಲ್ಲ ತಿರುಗಿ ಬರುವಾಗ ತುಂಬಬೇಕು. ಅಂದರೆ ಸೂಜಿ ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಬರಬೇಕೆಂದು ಮೊದಲೇ ತಲೆಯಲ್ಲಿ ಗೊತ್ತು ಮಾಡಿಕೊಂಡಿರಬೇಕು. ಕವಲು ಬಂದಲ್ಲಿ ತಪ್ಪಿದರೆ ಒಂದು ಗೆರೆ ಖಾಲಿ ಉಳಿಯುತ್ತದೆ. ಗವಂತಿ, ಮೆಟ್ಟಿಲಿನಂತೆ ಹೋಗುವ ಮುರಗಿ, ಈ ಹೊಲಿಗೆಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರ ಕಾಣುತ್ತವೆ. ನೇಯ್ದಂತೆ ಕಾಣುವ ನೇಗಿ, ಕತ್ತರಿ ಹೊಲಿಗೆಯ ಮೆಂತಿ ಹಾಗಲ್ಲ. ಬಟ್ಟೆಯ ಮೇಲೆ ಗೀಚಿಕೊಳ್ಳುವ ರೂಢಿಯೂ ಇರಲಿಲ್ಲ, ಎಳೆ ಎಣಿಸಿಯೇ ಹಾಕುತ್ತಿದ್ದರು. ಹಾಗಾಗಿ ನನ್ನ ಮಟ್ಟಿಗೆ ಒಳ್ಳೆಯ ಕಸೂತಿ ಪುಸ್ತಕಕ್ಕೆ ಇರಬೇಕಾದದ್ದು ಮೂರು: ಚೌಕಳಿ ಹಾಳೆಯ ಮೇಲಿನ ನಕ್ಷೆ, ಸೂಜಿಯ ದಾರಿ ತೋರಿಸುವ ಬಾಣದ ಗುರುತು, ಹಿಂಭಾಗದ ಒಂದು ಫೋಟೋ. ಕಪ್ಪುಬಿಳುಪಿನಲ್ಲಿದ್ದರೂ ನಡೆದೀತು. ಆನ್‌ಲೈನ್‌ನಲ್ಲಿ ತರಿಸಿದ ಬಣ್ಣದ ಪುಸ್ತಕವೊಂದರಲ್ಲಿ ಈ ಮೂರೂ ಇರಲಿಲ್ಲ, ಮೂಲೆ ಬೇರೆ ಮಡಚಿ ಬಂದಿತ್ತು, ವಾಪಸ್ ಕಳಿಸಿದೆ. ಮೂರೂ ಇದ್ದ ಚಿಕ್ಕ ಪುಸ್ತಕವನ್ನು ಕೊಂಡು, ಎಳೆ ಎಣಿಸಲು ಬರುವಂಥ ದಪ್ಪ ನೇಯ್ಗೆಯ ಅರ್ಧ ಮೀಟರ್ ಬಟ್ಟೆ, ಒಂದು ಸೂಜಿ, ಎರಡು ಬಣ್ಣದ ದಾರ ಜೊತೆಗಿಟ್ಟು ಆ ರೊಕ್ಕ ಕೇಳಿದ ಹುಡುಗಿಗೇ ಕೊಟ್ಟೆ. ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿ "ಇಲ್ಲಿಂದ ಎಲ್ಲಿಗೆ ಹೋಗಬೇಕು?" ಅಂತ ಕೇಳುತ್ತಿರುತ್ತಾಳೆ. ಬಟ್ಟೆ ತಿರುವಿ ತೋರಿಸು ಅನ್ನುತ್ತೇನೆ.

ಹಳ್ಳಿ ಬದುಕಿನ ಪುಸ್ತಕಗಳು ಈಗ ಬೇರೆಯದೇ ಒಂದು ಗಿರಾಕಿಗೆ ತಯಾರಾಗುತ್ತಿವೆ. ವಾರದ ಕೊನೆಗೆ ಹೊಲ ನೋಡಲು ಹೋಗುವವರಿಗೆ. ಅಂಗಳ, ರಂಗೋಲಿ, ಕರು, ಸಂಜೆಯ ಬಿಸಿಲು. ಕೆಸರು ಕಾಣಿಸುವುದಿಲ್ಲ. ನಮ್ಮ ಭಾವನವರ ಮಗ ಕೆಲಸ ಬಿಟ್ಟು ತೀರ್ಥಹಳ್ಳಿಯ ಕಡೆ ತೋಟ ಮಾಡಿದಾಗ ಅಂಥದ್ದನ್ನು ಕೊಡಲು ಮನಸ್ಸಾಗಲಿಲ್ಲ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕೊಟ್ಟೆ. 1941ರ ಕಾದಂಬರಿ, ಕೃಷಿಯ ಪಾಠವೇನಲ್ಲ. ಆದರೆ ಅದರೊಳಗಿನ ಹೆಂಗಸರಾದ ಸರಸೋತಿ, ಪಾರೋತಿಯರು ತಮ್ಮ ಮನೆಯಲ್ಲಿ ಗೇಯುವ ಬಗೆ ಓದಿದವರಿಗೆ ಹಳ್ಳಿಮನೆಯಲ್ಲಿ ಯಾರ ರಟ್ಟೆ ಸವೆಯುತ್ತದೆ ಎಂದು ತಿಳಿಯುತ್ತದೆ. ಅವನಿಗಿಂತ ಮೊದಲು ಅವನ ಹೆಂಡತಿ ಓದಿ ಮುಗಿಸಿದಳು. ಒಳ್ಳೆಯದೇ ಆಯಿತು.

ಅದರ ಜೊತೆಗೆ 'ಅಡಿಕೆ ಪತ್ರಿಕೆ'ಗೆ ಒಂದು ವರ್ಷದ ಚಂದಾ. ಪುತ್ತೂರಿನಿಂದ 1988ರಿಂದ ಬರುತ್ತಿರುವ ಮಾಸಿಕ. ಹೆಸರು ಅಡಿಕೆಯದಾದರೂ ಹಲಸು, ಮಳೆನೀರು ಹಿಡಿಯುವುದು, ಸಣ್ಣ ಯಂತ್ರ, ಎಲ್ಲ ಬರುತ್ತದೆ. ಬೆಳೆಗಾರರ ಕೈಗೇ ಲೇಖನಿ ಕೊಟ್ಟ ಪತ್ರಿಕೆ ಅದು. ತೋಟ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮುಯ್ಯಿ ನನಗಂತೂ ಕಂಡಿಲ್ಲ: ತಿಂಗಳಿಗೊಮ್ಮೆ ಬರುತ್ತದೆ, ಓದದೆ ಬಿಟ್ಟರೆ ಮುಂದಿನ ಸಂಚಿಕೆ ಬಂದು ನೆನಪಿಸುತ್ತದೆ.

ರೊಕ್ಕದ ಲೆಕ್ಕ ಹೇಳುವುದಾದರೆ, ಕೈಕಸುಬು ಮತ್ತು ಜಾನಪದದ ಗಟ್ಟಿ ಕನ್ನಡ ಪುಸ್ತಕಗಳು ಹೆಚ್ಚಾಗಿ ಸಿಗುವುದು ವಿಶ್ವವಿದ್ಯಾಲಯಗಳ ಪ್ರಸಾರಾಂಗ (ಪ್ರಕಟಣೆಯ ವಿಭಾಗ), ಅಕಾಡೆಮಿ, ಪುಸ್ತಕ ಪ್ರಾಧಿಕಾರದ ಮಳಿಗೆಗಳಲ್ಲಿ. ಬೆಲೆ ಕಡಿಮೆ, ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಬಂದರೆ ಇನ್ನೂ ಕಡಿಮೆ. ಮುಖಪುಟ ನೋಡಿ ಮುಖ ಸಿಂಡರಿಸಬೇಡಿ, ಒಂದು ಖಣದ ತುಂಡಿನಲ್ಲಿ ಸುತ್ತಿ ಕೊಟ್ಟರೆ ಆಯಿತು. ಕೌಂಟರಿನಲ್ಲಿ "ಪ್ರತಿ ಮುಗಿದಿದೆ" ಅಂದರೆ ಅಷ್ಟಕ್ಕೇ ಹೊರಡಬೇಡಿ. ಒಳಗೆ ಗೋದಾಮಿನಲ್ಲಿ ಒಂದು ಸಲ ನೋಡಿ ಬನ್ನಿ ಅನ್ನಿ. ಧೂಳು ಕೊಡವಿಕೊಂಡು ಎರಡು ಪ್ರತಿ ತಂದುಕೊಟ್ಟದ್ದಿದೆ.