ಯುನೊ ಬೋರ್ಡೋ, ಹಳೆಯ ಕಂಪ್ಯೂಟರೋ: ಚಿಕ್ಕ ಮಿಲ್ಲಿಂಗ್ ಯಂತ್ರದ ಮೇಲೆ ಎರಡರ ಹೋಲಿಕೆ

ಗಂಗಾವತಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿರುವ ಚಿಕ್ಕ ಮಿಲ್ಲಿಂಗ್ ಯಂತ್ರವನ್ನು (ತಿರುಗುವ ಕಟರಿನಿಂದ ಲೋಹ ಕೊರೆಯುವ ಯಂತ್ರ) ಕಡಿಮೆ ಖರ್ಚಿನಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ, ಮಾಡಲು ಹೊರಟಾಗ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ನೆಮಾ 23 ಅಳತೆಯ ಸ್ಟೆಪ್ಪರ್ ಮೋಟಾರು, ಅವುಗಳ ಡ್ರೈವರು ಮತ್ತು ಪವರ್ ಸಪ್ಲೈ ವಿಷಯದಲ್ಲಿ ನನಗೆ ಗೊಂದಲವಿರಲಿಲ್ಲ. ಅವುಗಳನ್ನು ನಡೆಸುವ ಕಂಟ್ರೋಲರ್ ಯಾವುದಿರಬೇಕು ಎಂಬುದೇ ತೀರ್ಮಾನವಾಗದೆ, ಮೊದಲು ಆರ್ಡುಯಿನೊ ಯುನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನ ಮೇಲೆ ಜಿಆರ್‌ಬಿಎಲ್ ಎಂಬ ತಂತ್ರಾಂಶವನ್ನೂ, ಆಮೇಲೆ ಪ್ಯಾರಲಲ್ ಪೋರ್ಟ್ (ಹಿಂದೆ ಪ್ರಿಂಟರು ಜೋಡಿಸುತ್ತಿದ್ದ ಕಿಂಡಿ) ಇರುವ ಹಳೆಯ ಡೆಸ್ಕ್‌ಟಾಪಿನ ಮೇಲೆ ಲಿನಕ್ಸ್‌ಸಿಎನ್‌ಸಿಯನ್ನೂ ಅದೇ ಯಂತ್ರಕ್ಕೆ ಜೋಡಿಸಿ ನೋಡಿದೆ. ಎರಡೂ ತಂತ್ರಾಂಶಗಳು ಉಚಿತ.

ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರಿನಲ್ಲಿ ಒಂದೊಂದು ಹೆಜ್ಜೆಗೂ ಎಂಟು ಮೈಕ್ರೊಸ್ಟೆಪ್ (ಕಿರುಹೆಜ್ಜೆ, ಒಂದಕ್ಕೆ ಒಂದು ಪಲ್ಸ್), ಟೇಬಲ್ಲನ್ನು ಸರಿಸುವ ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 2 ಮಿ.ಮೀ. ಎಂದರೆ ಒಂದು ಮಿಲಿಮೀಟರಿಗೆ 800 ಪಲ್ಸ್ ಬೇಕು. ನಿಮಿಷಕ್ಕೆ 900 ಮಿ.ಮೀ. ಓಡಿಸಿದರೂ ಸೆಕೆಂಡಿಗೆ 12,000 ಪಲ್ಸ್ ಸಾಕು. ಯುನೊ ಮೇಲಿನ ಜಿಆರ್‌ಬಿಎಲ್ 30,000ದವರೆಗೆ ಕೊಡಬಲ್ಲದು. ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಮೊದಲು ಲೇಟೆನ್ಸಿ ಟೆಸ್ಟ್ (ಪಲ್ಸ್ ಕೊಡಲು ಎಷ್ಟು ತಡವಾಗುತ್ತದೆಂಬ ಪರೀಕ್ಷೆ) ನಡೆಸಿ, ಮೂಲ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ಆಫ್ ಮಾಡಿದ ಮೇಲೆಯೇ ಮೋಟಾರುಗಳು ಗೊರಗುಟ್ಟದೆ ತಿರುಗಿದವು.

ನಿಜವಾದ ವ್ಯತ್ಯಾಸ ಕಂಡದ್ದು ಬ್ಯಾಕ್‌ಲ್ಯಾಷ್, ಅಂದರೆ ದಿಕ್ಕು ಬದಲಿಸಿದಾಗ ಸ್ಕ್ರೂವಿನಲ್ಲಿ ಕಾಣುವ ಸಡಿಲದ ವಿಷಯದಲ್ಲಿ. ಸ್ಕ್ರೂಗಳು ಯಂತ್ರದ ಜೊತೆ ಬಂದವೇ ಆಗಿದ್ದರಿಂದ, ಡಯಲ್ ಗೇಜ್ ಹಚ್ಚಿ ಟೇಬಲ್ಲನ್ನು ಬಲಕ್ಕೆ ಸರಿಸಿ ಮತ್ತೆ ಎಡಕ್ಕೆ ತಿರುಗಿಸಿದರೆ 0.16 ಮಿ.ಮೀ.ವರೆಗೆ ಮುಳ್ಳು ಅಲುಗುತ್ತಲೇ ಇರಲಿಲ್ಲ. ಜಿಆರ್‌ಬಿಎಲ್‌ನಲ್ಲಿ ಇದನ್ನು ಸರಿದೂಗಿಸುವ ವ್ಯವಸ್ಥೆಯೇ ಇಲ್ಲ. ಅಲ್ಯೂಮಿನಿಯಂ ಪ್ಲೇಟಿನಲ್ಲಿ ಕೊರೆದ 40 ಮಿ.ಮೀ. ವೃತ್ತದೊಳಗೆ ಉಗುರು ಎಳೆದರೆ, ಟೇಬಲ್ಲು ದಿಕ್ಕು ಬದಲಿಸಿದ ನಾಲ್ಕೂ ಕಡೆ ಸಣ್ಣ ಮೆಟ್ಟಿಲು ತಾಕುತ್ತಿತ್ತು. ಲಿನಕ್ಸ್‌ಸಿಎನ್‌ಸಿಯ ಐಎನ್‌ಐ (ಸೆಟ್ಟಿಂಗುಗಳ) ಕಡತದಲ್ಲಿ ಆಯಾ ಅಕ್ಷಕ್ಕೆ ಬ್ಯಾಕ್‌ಲ್ಯಾಷ್ ಅಳತೆಯನ್ನು ಬರೆದು ಅದೇ ವೃತ್ತವನ್ನು ಕೊರೆದಾಗ ಆ ಮೆಟ್ಟಿಲು ಬೆರಳಿಗೆ ಸಿಗಲಿಲ್ಲ. ಆದರೆ ಇದು ಸ್ಕ್ರೂವಿನ ಸಡಿಲವನ್ನು ತೆಗೆಯುವುದಿಲ್ಲ, ಮೋಟಾರನ್ನು ಅಷ್ಟು ಹೆಚ್ಚಾಗಿ ತಿರುಗಿಸುತ್ತದೆ ಅಷ್ಟೆ. ಕಟರ್ ಹಲ್ಲು ಟೇಬಲ್ಲನ್ನು ತಾನೇ ಮುಂದಕ್ಕೆ ಎಳೆದುಕೊಳ್ಳುವ ಕ್ಲೈಂಬ್ ಮಿಲ್ಲಿಂಗಿನಲ್ಲಿ ಆ ಸಡಿಲದಷ್ಟೂ ಟೇಬಲ್ಲು ಹಾರುತ್ತದೆ; ಒಂದು 6 ಮಿ.ಮೀ. ಎಂಡ್ ಮಿಲ್ ಕಟರನ್ನು ನಾನು ಕಳೆದುಕೊಂಡದ್ದು ಹಾಗೆಯೇ.

ಯುನೊ ಪರವಾಗಿಯೂ ಹೇಳಬೇಕಾದದ್ದಿದೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗ ಅದು ಕ್ಷಣದಲ್ಲಿ ಸಿದ್ಧವಾಗುತ್ತದೆ, ಕಂಪ್ಯೂಟರಿಗೆ ಎರಡು ನಿಮಿಷ ಬೇಕು. ಹೋಮಿಂಗ್ (ಯಂತ್ರವನ್ನು ಆರಂಭದ ಸ್ಥಾನಕ್ಕೆ ಒಯ್ದು ಗುರುತಿಸುವುದು) ಮಾತ್ರ ಎರಡರಲ್ಲಿಯೂ ಹೊಸದಾಗಿ ಮಾಡಲೇಬೇಕು. ನಮ್ಮೂರಿನ ರೈಸ್ ಮಿಲ್ಲುಗಳ ಹೊಟ್ಟಿನ ಧೂಳು ಕಂಪ್ಯೂಟರಿನ ಫ್ಯಾನಿನಲ್ಲಿ ತುಂಬಿಕೊಳ್ಳುವುದರಿಂದ ತಿಂಗಳಿಗೊಮ್ಮೆ ಬಿಚ್ಚಿ ಒರೆಸಬೇಕು, ಯುನೊವನ್ನು ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಆಯಿತು. ಆದರೆ ಯುನೊದಲ್ಲಿ, ಕಟರನ್ನು ತಿರುಗಿಸುವ ಸ್ಪಿಂಡಲ್ ಚಾಲೂ ಮಾಡಿದೊಡನೆ, ಟೇಬಲ್ಲು ಮಿತಿ ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ಒತ್ತದಿದ್ದರೂ ಅಲಾರ್ಮ್ ಬಂದು ಯಂತ್ರ ನಿಲ್ಲುತ್ತಿದ್ದ ತೊಂದರೆ, ಹೊರಗಿನ ವಿದ್ಯುತ್ ಗದ್ದಲ ತಡೆಯುವ ಶೀಲ್ಡ್ ಇರುವ ವೈರು ಎಳೆದು ಬೋರ್ಡಿನ ಬದಿಗೆ 100 ನ್ಯಾನೊಫ್ಯಾರಡ್ ಕೆಪ್ಯಾಸಿಟರ್ ಹಾಕಿದ ಮೇಲೆ ನಿಂತಿತು. ಪ್ಯಾರಲಲ್ ಪೋರ್ಟಿಗೆ ಹಚ್ಚಿದ, ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಇರುವ ಬ್ರೇಕ್‌ಔಟ್ (ವೈರು ಜೋಡಿಸುವ) ಬೋರ್ಡಿನಲ್ಲಿ ಈ ಕಾಟ ಮೊದಲಿನಿಂದಲೂ ಇರಲಿಲ್ಲ.

ಸಡಿಲ ತೀರಾ ಕಡಿಮೆ ಇರುವ ಬಾಲ್ ಸ್ಕ್ರೂ ಕೊಳ್ಳಲು ಹಣವಿದ್ದು, ಮೂರು ಅಕ್ಷಗಳಷ್ಟೇ ಸಾಕೆನ್ನುವವರಿಗೆ ಯುನೊವನ್ನೇ ಹೇಳುತ್ತೇನೆ. ಹಳೆಯ ಸ್ಕ್ರೂಗಳಲ್ಲೇ ಕೆಲವು ಕಾಲ ದುಡಿಯಬೇಕಾದವರಿಗೆ ಲಿನಕ್ಸ್‌ಸಿಎನ್‌ಸಿ ಕಲಿಯುವ ಶ್ರಮ ವ್ಯರ್ಥವಾಗದು. ನನ್ನ ಯಂತ್ರದಲ್ಲಿ ಸದ್ಯಕ್ಕೆ ಕಂಪ್ಯೂಟರೇ ಉಳಿದಿದೆ. ಹಣ ಕೂಡಿದೊಡನೆ ಮೊದಲು ಬದಲಾಗುವುದು ಎಕ್ಸ್ ಅಕ್ಷದ ಸ್ಕ್ರೂ.