ಗೀಸರಿನ ನಲ್ಲಿ ಮುಟ್ಟಿ ಅಮ್ಮನಿಗೆ ಶಾಕ್ ಹೊಡೆಯಿತು: ಬೆಂಗಳೂರಿನಲ್ಲಿ ಮನೆ ವೈರಿಂಗ್ ಮಾಡಿಸುವವರು ದಯವಿಟ್ಟು ಓದಿ

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಮ್ಮ ಬಚ್ಚಲುಮನೆಯಲ್ಲಿ ಕಿರುಚಿದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ ಗೋಡೆಗೆ ಒರಗಿ ಬಿದ್ದಿದ್ದರು. ಬಿಸಿನೀರಿನ ನಲ್ಲಿ ಮುಟ್ಟಿದ ಕೈ ನಡುಗುತ್ತಿತ್ತು. ಜೀವಕ್ಕೇನೂ ಆಗಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅದೇ ಉಳಿಸಿರಬೇಕು. ನಮ್ಮದು ಹೊಸ ಮನೆ. ಗೃಹಪ್ರವೇಶ ಆಗಿ ವರ್ಷವೂ ತುಂಬಿರಲಿಲ್ಲ.

ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಕಾಂಟ್ರಾಕ್ಟರ್ ಹೆಸರು ಹಾಕುವುದಿಲ್ಲ. ಇಂಥವರು ಅವರೊಬ್ಬರೇ ಅಲ್ಲ.

ನಮ್ಮದು 30x40 ಸೈಟು, ಒಟ್ಟು 18 ಚದರದ ಮನೆ (ಒಂದು ಚದರ ಅಂದರೆ 100 ಚದರಡಿ). ಎಲೆಕ್ಟ್ರಿಕಲ್ ಕೆಲಸಕ್ಕೆ ಇಬ್ಬರ ಹತ್ತಿರ ರೇಟ್ ಕೇಳಿದೆವು. ಒಬ್ಬರು ಲೇಬರ್ ಮಾತ್ರ ಚದರಕ್ಕೆ 6,500 ಅಂದರು, ಅಂದರೆ 1,17,000. ಇನ್ನೊಬ್ಬರು 4,000 ಅಂದರು, ಅಂದರೆ 72,000. ಜೊತೆಗೆ "ಮೆಟೀರಿಯಲ್ ನಾನೇ ತರ್ತೀನಿ ಸಾರ್, ಬಿವಿಕೆ ಅಯ್ಯಂಗಾರ್ ರೋಡಲ್ಲಿ ನಮಗೆ ಡಿಸ್ಕೌಂಟ್ ಸಿಗುತ್ತೆ. ಮೀಟರ್ ಕೆಲಸಾನೂ ನಂದೇ, ನೀವು ಟೆನ್ಷನ್ ಮಾಡ್ಕೋಬೇಡಿ" ಅಂದರು. ಅವರ ವಿಸಿಟಿಂಗ್ ಕಾರ್ಡಿನಲ್ಲಿ 'ಸರ್ಕಾರಿ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು' ಅಂತ ಇತ್ತು, ಕೆಳಗೆ ಲೈಸೆನ್ಸ್ ನಂಬರ್ ಕೂಡ ಇತ್ತು. ಸಾಲ ಮಾಡಿ ಮನೆ ಕಟ್ಟುವವರಿಗೆ 45 ಸಾವಿರ ಸಣ್ಣ ಮೊತ್ತವಲ್ಲ. ಒಪ್ಪಿಕೊಂಡೆವು.

ಕೆಲಸ ಮಾಡಿದ್ದು ಇಬ್ಬರು ಹುಡುಗರು. ಒಬ್ಬ ರಾಯಚೂರು ಕಡೆಯವನು, ಇನ್ನೊಬ್ಬ ಒಡಿಶಾದವನು. ದಿನಗೂಲಿ. ತುಂಬಾ ಕಷ್ಟಪಟ್ಟು ಗೋಡೆ ಕೊರೆದು ಪೈಪ್ ಕೂರಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾಂಟ್ರಾಕ್ಟರ್ ವಾರಕ್ಕೊಮ್ಮೆ ಬಂದು ಹಣ ಕೇಳಿ ಹೋಗುತ್ತಿದ್ದರು. ಒಂದು ದಿನ ರಾಯಚೂರಿನ ಹುಡುಗ ನನ್ನೆದುರಿಗೇ ಫೋನಿನಲ್ಲಿ "ಅಣ್ಣಾ, ಗ್ರೀನ್ ವೈರ್ ಖಾಲಿ ಆಗೈತಿ" ಅಂದಿದ್ದ. ಆ ಕಡೆಯಿಂದ ಏನು ಉತ್ತರ ಬಂತೋ ಗೊತ್ತಿಲ್ಲ, ಕೆಲಸವಂತೂ ನಿಲ್ಲಲಿಲ್ಲ. ಹಸಿರು ವೈರ್ ಅಂದರೆ ಅರ್ಥಿಂಗ್ ವೈರ್, ಸೋರಿದ ಕರೆಂಟನ್ನು ಭೂಮಿಗೆ ಇಳಿಸುವುದು. ಅದು ನನಗೆ ಆಗ ತಲೆಗೆ ಹೋಗಲೇ ಇಲ್ಲ.

ಗೃಹಪ್ರವೇಶದ ಹಿಂದಿನ ರಾತ್ರಿ ಕರೆಂಟ್ ಪದೇ ಪದೇ ಹೋಗುತ್ತಿತ್ತು. ಮನೆ ತುಂಬಾ ನೆಂಟರು. ಫೋನ್ ಮಾಡಿದರೆ ಹತ್ತು ಗಂಟೆಗೆ ಕಾಂಟ್ರಾಕ್ಟರೇ ಬಂದರು. ಡಿಬಿ ಬಾಕ್ಸ್ (ಇಡೀ ಮನೆಗೆ ಕರೆಂಟು ಹಂಚುವ ಪೆಟ್ಟಿಗೆ) ಬಿಚ್ಚಿ ಹತ್ತು ನಿಮಿಷ ಏನೋ ಮಾಡಿ "ಸರಿ ಹೋಯ್ತು ಸಾರ್" ಅಂದರು. ಆಮೇಲೆ ಕರೆಂಟ್ ಹೋಗಲಿಲ್ಲ. ಆ ಹೊತ್ತಿನಲ್ಲಿ ಬಂದರಲ್ಲ ಅಂತ ನಾನು ಕೈಗೆ 500 ರೂಪಾಯಿ ಕೊಟ್ಟು ಕಳಿಸಿದೆ.

ಅಮ್ಮನಿಗೆ ಶಾಕ್ ಹೊಡೆದ ದಿನ ಬೇರೆ ಎಲೆಕ್ಟ್ರಿಷಿಯನ್ ಕರೆಸಿದೆವು. ವಯಸ್ಸಾದವರು, ವೈರ್‌ಮನ್ ಪರ್ಮಿಟ್ ಇರುವವರು. ಮೊದಲು ಡಿಬಿ ಹತ್ತಿರ ನಿಂತು ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಮೇಲಿನ 'ಟಿ' ಅನ್ನುವ ಚಿಕ್ಕ ಬಟನ್ ಒತ್ತಿದರು. ಟಪ್ ಅಂತ ಲಿವರ್ ಕೆಳಗೆ ಬಿತ್ತು. ಆದರೆ ಮನೆಯ ಲೈಟು, ಫ್ಯಾನು ಯಾವುದೂ ಆರಲಿಲ್ಲ. ಅವರು ನನ್ನ ಮುಖ ನೋಡಿದರು. "ಇದು ಗೊಂಬೆ ಥರ ಕೂತಿದೆ ಅಷ್ಟೇ. ಕರೆಂಟು ಇದರೊಳಗೆ ಹೋಗ್ತಾನೇ ಇಲ್ಲ" ಅಂದರು.

ನಡೆದದ್ದು ಹೀಗೆ. ಎರಡು ಮಹಡಿಯ ನ್ಯೂಟ್ರಲ್ ವೈರುಗಳನ್ನು, ಅಂದರೆ ಕರೆಂಟು ವಾಪಸ್ ಬರುವ ವೈರುಗಳನ್ನು, ಕಲಸಿಬಿಟ್ಟಿದ್ದರು. ಹೋದ ಕರೆಂಟು, ವಾಪಸ್ ಬಂದ ಕರೆಂಟು ಸರಿಹೊಂದದೆ ಇದ್ದಾಗ ಆರ್‌ಸಿಸಿಬಿ ಬೀಳಲೇಬೇಕು, ಅದರ ಕೆಲಸವೇ ಅದು. ಆ ರಾತ್ರಿ ಅದು ಸರಿಯಾಗಿಯೇ ಬೀಳುತ್ತಿತ್ತು. ತಪ್ಪು ಹುಡುಕುವ ಬದಲು ಕಾಂಟ್ರಾಕ್ಟರ್ ಅದನ್ನು ಬದಿಗಿಟ್ಟು ನೇರ ಲೈನ್ ಎಳೆದಿದ್ದರು.

ಎಂಸಿಬಿ (ವೈರಿನಲ್ಲಿ ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್) ಇದೆಯಲ್ಲ, ಅದು ಸಾಲದೇ ಅಂತ ನಾನೂ ಕೇಳಿದೆ. ಸಾಲದು. 16 ಆಂಪಿಯರ್ ಎಂಸಿಬಿ ಇರುವುದು ವೈರ್ ಸುಡದಂತೆ ಕಾಯುವುದಕ್ಕೆ. ಮನುಷ್ಯನ ಪ್ರಾಣ ಹೋಗಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಅಷ್ಟು ಚಿಕ್ಕ ಸೋರಿಕೆ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಹಿಡಿಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ.

ಆಮೇಲೆ ಅವರು ಗೀಸರಿನ ಪ್ಲಗ್ ಬೋರ್ಡ್ ಬಿಚ್ಚಿದರು. ಒಳಗೆ ಹಸಿರು ವೈರ್ ಮೂರು ಸುತ್ತು ಸುತ್ತಿ ಮೂಲೆಗೆ ತುರುಕಿತ್ತು. ತುದಿಯ ಪ್ಲಾಸ್ಟಿಕ್ ಕೂಡ ಸುಲಿದಿರಲಿಲ್ಲ. ಇನ್ನೊಂದು ತುದಿ ಸೂರಿನ ಹತ್ತಿರದ ಜಂಕ್ಷನ್ ಬಾಕ್ಸಿನಲ್ಲೇ ಮುಗಿದಿತ್ತು. ಗೀಸರಿನ ಕಾಯಿಲ್ ಲೀಕ್ ಆಗಿ ಕರೆಂಟು ನೀರಿಗೆ ಇಳಿದಿದೆ, ಭೂಮಿಗೆ ಹೋಗಲು ದಾರಿ ಇಲ್ಲ. ಅಮ್ಮನ ಕೈಯೇ ದಾರಿಯಾಯಿತು.

ಗೇಟಿನ ಪಕ್ಕದ ಅರ್ಥಿಂಗ್ ಗುಂಡಿಯನ್ನೂ ಅಗೆದು ನೋಡಿದೆವು. ಪೈಪ್ ಕನಿಷ್ಠ ಎರಡೂವರೆ ಮೀಟರ್ ಇರಬೇಕು. ಇದ್ದದ್ದು ಮೂರಡಿ ತುಂಡು. ಮಹಡಿಯ ಎಸಿ ಪಾಯಿಂಟಿಗೆ ಬಿಲ್ಲಿನಲ್ಲಿ 4 ಎಂಎಂ ವೈರ್ ಅಂತ ಬರೆದಿದ್ದರು, ಗೋಡೆಯೊಳಗೆ ಇದ್ದದ್ದು ಎರಡೂವರೆ. ಅದಕ್ಕೆ ಹಾಕಿದ್ದು 32 ಆಂಪಿಯರ್ ಎಂಸಿಬಿ. ಅಂದರೆ ಎಂಸಿಬಿ ಬೀಳುವ ಮೊದಲು ವೈರೇ ಕಾದು ಅದರ ಪ್ಲಾಸ್ಟಿಕ್ ಕರಗಬಹುದು. ಕೆಲವು ಕಡೆಯ ವೈರನ್ನು ಬ್ಲೇಡಿನಲ್ಲಿ ಕೆರೆದಾಗ ತಾಮ್ರದ ಬಣ್ಣದ ಕೆಳಗೆ ಬಿಳಿ ಕಾಣಿಸಿತು. ತಾಮ್ರದ ಲೇಪ ಇರುವ ಅಲ್ಯೂಮಿನಿಯಂ.

ಇಷ್ಟಾದರೂ ಮೀಟರಿಗಾಗಿ ಕೊಟ್ಟ ಕಂಪ್ಲೀಷನ್ ರಿಪೋರ್ಟಿನಲ್ಲಿ ಎಲ್ಲ ಸರಿಯಾಗಿತ್ತು. ಅರ್ಥಿಂಗ್ 1.8 ಓಮ್ ಅಂತ ನೀಟಾಗಿ ಬರೆದಿತ್ತು. ಅಳೆಯುವ ಮೀಟರ್ ಹಿಡಿದು ನಮ್ಮ ಮನೆಗೆ ಯಾರೂ ಬಂದಿರಲೇ ಇಲ್ಲ. ಕೆಳಗಿದ್ದ ಸಹಿ, ಸೀಲು ನಮ್ಮ ಕಾಂಟ್ರಾಕ್ಟರದ್ದಲ್ಲ. ಆ ಲೈಸೆನ್ಸಿನವರನ್ನು ಹುಡುಕಿ ಫೋನ್ ಮಾಡಿದೆ. "ಆ ಸೈಟ್ ನಾನು ನೋಡಿಲ್ಲ, ಬರೀ ಸೈನ್ ಮಾಡಿಕೊಟ್ಟಿದ್ದು" ಅಂದರು. ಒಂಚೂರೂ ಅಳುಕಿಲ್ಲದೆ ಹೇಳಿದರು. ನನಗೆ ತುಂಬಾ ನೋವಾಗಿದ್ದು ಆ ಮಾತಿನಿಂದ.

ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಮಾಡಿಸಬೇಕು. ಉಸ್ತುವಾರಿಗೆ ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ಬೇಕು, ಕೈಯಾರೆ ಮಾಡುವವರಿಗೆ ಪರ್ಮಿಟ್ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುವುದೇ ಇದನ್ನು. ಕರ್ನಾಟಕದಲ್ಲಿ ಈ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಎಷ್ಟೋ ಜನ ಬೆಸ್ಕಾಂ ಕೊಡುತ್ತದೆ ಅಂದುಕೊಂಡಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಲೈಸೆನ್ಸಿಗೆ ಅವಧಿ ಇರುತ್ತದೆ, ನವೀಕರಿಸುತ್ತಿರಬೇಕು. ಹಾಗಾಗಿ ಕಾರ್ಡಿನ ಮೇಲಿನ ನಂಬರ್ ನಂಬಬೇಡಿ. ಲೈಸೆನ್ಸ್ ಪ್ರತಿ ಕೇಳಿ, ಅದರಲ್ಲಿರುವ ಹೆಸರಿನವರ ಜೊತೆ ನೀವೇ ಮಾತಾಡಿ. 'ಈ ಸೈಟಿನ ಕೆಲಸ ನಿಮ್ಮದೇನಾ' ಅಂತ ಅಡ್ವಾನ್ಸ್ ಕೊಡುವ ಮೊದಲು ಕೇಳಿ. ನಾನು ಈ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಕಡಿಮೆ ರೇಟ್ ಯಾಕೆ ಬರುತ್ತದೆ ಅನ್ನುವುದೂ ಈಗ ಅರ್ಥವಾಗಿದೆ. 2024ರ ಮೇ ತಿಂಗಳಲ್ಲಿ ತಾಮ್ರದ ಬೆಲೆ ಟನ್ನಿಗೆ 11,000 ಡಾಲರ್ ದಾಟಿತು, ವೈರ್ ಕಾಯಿಲ್ ಬೆಲೆಯೂ ಏರಿತು. ಮೊದಲೇ ಕಡಿಮೆಗೆ ಒಪ್ಪಿಕೊಂಡವರು ಆ ನಷ್ಟವನ್ನು ಎಲ್ಲಿಂದ ತುಂಬಿಕೊಳ್ಳುತ್ತಾರೆ? ನಮ್ಮ ಗೋಡೆಯೊಳಗಿಂದಲೇ ಅಲ್ವಾ? ಮೇಲಿಂದ ಪಾಯಿಂಟ್ ಲೆಕ್ಕ ಬೇರೆ. ಚದರದ ರೇಟಿಗೆ ಒಪ್ಪಿದ್ದರೂ ಕೊನೆಗೆ ಎಕ್ಸ್‌ಟ್ರಾ ಪಾಯಿಂಟ್ ಅಂತ 31 ಸಾವಿರ ತೆಗೆದುಕೊಂಡರು. ಒಂದೇ ಬೋರ್ಡಿನ ಸಾಕೆಟ್ ಬೇರೆ ಪಾಯಿಂಟು, ಟೂ ವೇ ಸ್ವಿಚ್ಚಿಗೆ ಎರಡು ಪಾಯಿಂಟು. ಪಾಯಿಂಟ್ ಅಂದರೆ ಏನು ಅಂತ ಮೊದಲೇ ಬರೆಸಿಕೊಳ್ಳಿ. ವೈರ್ ನೀವೇ ಅಂಗಡಿಗೆ ಹೋಗಿ ಜಿಎಸ್‌ಟಿ ಬಿಲ್ ಸಮೇತ ತನ್ನಿ. ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಪ್ಲಾಸ್ಟರಿಂಗ್ ಮೊದಲು ಪ್ರತಿ ಗೋಡೆಯ ಪೈಪು, ವೈರ್ ಎಳೆದ ಮೇಲೆ ಪ್ರತಿ ಬಾಕ್ಸಿನ ಒಳಗು ಫೋಟೋ ತೆಗೆದಿಡಿ.

ಮೀಟರ್ ವಿಷಯಕ್ಕೆ ಒಂದು ಮಾತು. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಸಿ (ಸ್ವಾಧೀನಾನುಭವ ಪತ್ರ) ಇಲ್ಲದ ಮನೆಗಳಿಗೆ ಹೊಸ ಸಂಪರ್ಕ ಸಿಗುವುದು ಕಷ್ಟವಾಯಿತು. ಆಮೇಲೆ 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಈ ಗೊಂದಲದಲ್ಲಿ 'ಕೊಡಿ, ಎಲ್ಲಾ ಮಾಡಿಸ್ತೀನಿ' ಅನ್ನುವವರು ಜಾಸ್ತಿಯಾಗಿದ್ದಾರೆ. ನಮ್ಮಿಂದ ಮೀಟರಿಗೆ 55 ಸಾವಿರ ತೆಗೆದುಕೊಂಡರು, ರಶೀದಿಯಲ್ಲಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಕಟ್ಟಬೇಕಾದ ಹಣ ನೀವೇ ಕಟ್ಟಿ, ನಿಮ್ಮ ಹೆಸರಿನ ರಶೀದಿ ಇಟ್ಟುಕೊಳ್ಳಿ.

ಇಡೀ ಮನೆಗೆ ಮತ್ತೆ ವೈರ್ ಎಳೆಸಲು 1,90,000 ಆಯಿತು. ಮೂರು ಕಡೆ ಪೈಪಿನೊಳಗೆ ಸಿಮೆಂಟ್ ಕಟ್ಟಿಕೊಂಡಿತ್ತು, ಗೋಡೆ ಒಡೆಯಬೇಕಾಯಿತು. ಪರಿವೀಕ್ಷಣಾಲಯಕ್ಕೆ ರಿಪೋರ್ಟಿನ ಪ್ರತಿ, ಫೋಟೋ ಸಮೇತ ದೂರು ಕೊಟ್ಟಿದ್ದೇನೆ. ಅಮ್ಮ ಈಗಲೂ ಗೀಸರ್ ಆಫ್ ಆಗಿದೆಯಾ ಅಂತ ಎರಡು ಸಲ ಕೇಳಿಯೇ ನಲ್ಲಿ ಮುಟ್ಟುವುದು.

ಇವತ್ತೇ ನಿಮ್ಮ ಮನೆಯ ಡಿಬಿ ತೆರೆದು 'ಟಿ' ಬಟನ್ ಒತ್ತಿ ನೋಡಿ. ಲಿವರ್ ಬಿದ್ದ ಕೂಡಲೇ ಅದರ ಲೈನಿನ ಲೈಟು ಆರಬೇಕು. ಆರದಿದ್ದರೆ, ಅಥವಾ ಆ ಬಟನ್ನೇ ಇಲ್ಲದಿದ್ದರೆ, ಗೀಸರ್ ಹಾಕಬೇಡಿ. ಪರ್ಮಿಟ್ ಇರುವವರನ್ನು ಕರೆಸಿ.