ಟರ್ನ್‌ಟೇಬಲ್ ಅಡಿಗೆ ಸ್ಪ್ರಿಂಗಾ, ರಬ್ಬರಾ?

ವಾಲ್ಯೂಮ್ ಏರಿಸಿದಾಗ ಸ್ಪೀಕರ್‌ನ ಬಾಸ್ ಮೇಜಿನ ಮೂಲಕ ಟರ್ನ್‌ಟೇಬಲ್‌ನ (ರೆಕಾರ್ಡ್ ಪ್ಲೇಯರ್‌ನ) ಸೂಜಿಗೆ ತಲುಪಿ ಗುಂಯ್ ಅನ್ನುತ್ತಿದೆಯೇ? ಹಾಗಿದ್ದರೆ ನನ್ನ ಆಯ್ಕೆ ಸ್ಪ್ರಿಂಗ್ ಕಾಲುಗಳೇ.

ಕಾರಣ ಸರಳ. ಭಾರಕ್ಕೆ ಸ್ಪ್ರಿಂಗ್ 10 ಮಿ.ಮೀ. ಕುಗ್ಗಿದರೆ ಅದರ ಸಹಜ ಕಂಪನ (ತಟ್ಟಿ ಬಿಟ್ಟರೆ ತಾನೇ ಅಲುಗುವ ವೇಗ) ಸುಮಾರು 5 ಹರ್ಟ್ಜ್, ಅಂದರೆ ಸೆಕೆಂಡಿಗೆ 5 ಸಲ. ಅದರ 1.4 ಪಟ್ಟು, ಅಂದರೆ 7 ಹರ್ಟ್ಜ್ ದಾಟಿದ ಮೇಲೆ ಅದು ಕಂಪನ ತಡೆಯಲು ಶುರು ಮಾಡುತ್ತದೆ. ರಬ್ಬರ್ 1 ಮಿ.ಮೀ. ಮಾತ್ರ ಕುಗ್ಗಿದರೆ ಸಹಜ ಕಂಪನ 16 ಹರ್ಟ್ಜ್ ಅಥವಾ ಅದಕ್ಕೂ ಜಾಸ್ತಿ. ತಡೆ ಶುರುವಾಗುವುದು 22ರ ಆಚೆಗೆ. ಟೋನ್‌ಆರ್ಮ್ (ಸೂಜಿ ಹಿಡಿದಿರುವ ತೋಳು) ತಾನೇ ಅಲುಗುವುದು ಸಾಮಾನ್ಯವಾಗಿ 8ರಿಂದ 12 ಹರ್ಟ್ಜ್‌ನಲ್ಲಿ, ಅಲ್ವಾ? ಅಲ್ಲಿ ರಬ್ಬರ್ ಕೈಕೊಡುತ್ತದೆ.

ಆದರೆ ರಬ್ಬರ್ ಬೇಗ ನಿಶ್ಚಲವಾಗುತ್ತದೆ, ಸ್ಪ್ರಿಂಗ್ ತೂಗುತ್ತಲೇ ಇರುತ್ತದೆ. ಹೆಜ್ಜೆಗೆ ಕುಣಿಯುವ ಮರದ ನೆಲವಿದ್ದರೆ ಎರಡೂ ಬೇಡ, ಗೋಡೆಗೆ ಶೆಲ್ಫ್ ಹೊಡೆಸಿ. ಲಿನ್ ಎಲ್‌ಪಿ12ರಂತೆ ಒಳಗೇ ಸ್ಪ್ರಿಂಗ್ ಇರುವ ಯಂತ್ರಕ್ಕೆ ಇನ್ನೊಂದು ಸ್ಪ್ರಿಂಗ್ ಸೇರಿಸಬೇಡಿ.

ಕೊಳ್ಳುವ ಮೊದಲು ಯಂತ್ರ ತೂಗಿ ನೋಡಿ. 8 ಕೆ.ಜಿ. ಇದ್ದರೆ ನಾಲ್ಕು ಕಾಲಿಗೆ ಸರಾಸರಿ 2 ಕೆ.ಜಿ. ಸ್ಪ್ರಿಂಗ್ ಗಟ್ಟಿಯಾದರೆ ಕುಗ್ಗುವುದೇ ಇಲ್ಲ, ದುಡ್ಡು ಸುಮ್ನೆ ದಂಡ. ಮೆತ್ತಗಾದರೆ ಸುರುಳಿಗಳು ಒಂದಕ್ಕೊಂದು ತಾಗುತ್ತವೆ.